ಚಳಿಗಾಲದ ಬುಡಾಪೆಸ್ಟ್: ಹದಿಹರೆಯದ ಮಕ್ಕಳ ಜೊತೆ ಕಡಿಮೆ ಖರ್ಚಿನಲ್ಲಿ ನಾಲ್ಕು ರಾತ್ರಿ

ಫೆಬ್ರುವರಿಯ ಒಂದು ಸಂಜೆ. ಹಂಗೇರಿಯ ರಾಜಧಾನಿ ಬುಡಾಪೆಸ್ಟಿನ ಸೇಚೆನಿ ಸ್ನಾನಗೃಹದ ಬಯಲು ಕೊಳದಲ್ಲಿ ಕುತ್ತಿಗೆವರೆಗೆ ಬಿಸಿನೀರಲ್ಲಿ ನಿಂತಿದ್ದೆವು. ಹೊರಗಿನ ಗಾಳಿ ಸೊನ್ನೆಗಿಂತ ಮೂರು ಡಿಗ್ರಿ ಕೆಳಗೆ. ಹಬೆ ಎಷ್ಟು ದಟ್ಟವಾಗಿತ್ತೆಂದರೆ ಎರಡು ಮಾರು ದೂರದಲ್ಲಿದ್ದ ಮಗ ಕಾಣುತ್ತಿರಲಿಲ್ಲ, ದನಿ ಮಾತ್ರ ಕೇಳುತ್ತಿತ್ತು. ಮಗಳ ಒದ್ದೆ ಕೂದಲ ತುದಿ ಹೆಪ್ಪುಗಟ್ಟಿ ಕಡ್ಡಿಯಂತಾಗಿತ್ತು. ಅದನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಪಕ್ಕದಲ್ಲಿ ಇಬ್ಬರು ಅಜ್ಜಂದಿರು ಎದೆಮಟ್ಟದ ನೀರಲ್ಲೇ ನಿಂತು ಚೆಸ್ ಆಡುತ್ತಿದ್ದರು.

ಎರಡು ತಿಂಗಳ ಹಿಂದೆ ಇದೇ ಮಗಳು "ಅಮ್ಮಾ, ನೀವೆಲ್ಲ ಹೋಗಿ ಬನ್ನಿ, ನಾನು ಮನೆಯಲ್ಲೇ ಇರ್ತೀನಿ" ಅಂದಿದ್ದಳು. ಅವಳಿಗೆ 16, ಮಗನಿಗೆ 14. ನಾವಿರುವುದು ಜರ್ಮನಿಯ ಮ್ಯೂನಿಕ್‌ನಲ್ಲಿ. ಮಕ್ಕಳು ಚಿಕ್ಕವರಿದ್ದಾಗ ನಾವು ಹೇಳಿದಲ್ಲಿಗೆ ಬರುತ್ತಿದ್ದರು. ಈಗ ಹಾಗಲ್ಲ. ಬೆಳಗ್ಗೆ ಎಬ್ಬಿಸಿದರೆ ಕೋಪ, ಮ್ಯೂಸಿಯಂ ಅಂದರೆ ನಿಟ್ಟುಸಿರು. ಟಿಕೆಟ್‌ಗೂ ಊಟಕ್ಕೂ ಮಾತ್ರ ದೊಡ್ಡವರ ರೇಟು!

ಆದರೆ ಒಂದು ವಿಷಯ ನಮಗೆ ಗೊತ್ತಾಯಿತು. ಈ ವಯಸ್ಸಿನ ಮಕ್ಕಳಿಗೂ ಚಳಿಗಾಲದ ಊರಿಗೂ ಬಹಳ ಚೆನ್ನಾಗಿ ಹೊಂದುತ್ತದೆ. ಡಿಸೆಂಬರ್ ಕೊನೆಯಲ್ಲಿ ಬುಡಾಪೆಸ್ಟಿನಲ್ಲಿ ಸಂಜೆ ನಾಲ್ಕಕ್ಕೇ ಸೂರ್ಯ ಮುಳುಗುತ್ತಾನೆ, ಫೆಬ್ರುವರಿ ಮಧ್ಯದಲ್ಲಿ ಐದು ದಾಟಿದ ಮೇಲೆ. ಊರು ಚೆಂದ ಕಾಣುವುದೇ ದೀಪ ಹತ್ತಿದ ಮೇಲೆ. ಮಕ್ಕಳಿಗೆ ಉತ್ಸಾಹ ಬರುವುದೂ ಅದೇ ಹೊತ್ತಿಗೆ. ಬೇಸಿಗೆಯಲ್ಲಾದರೆ ದೀಪದ ಊರು ನೋಡಲು ರಾತ್ರಿ ಒಂಬತ್ತೂವರೆವರೆಗೆ ಕಾಯಬೇಕು, ಜನಜಂಗುಳಿ ಬೇರೆ, ಬೆಲೆಯೂ ಜಾಸ್ತಿ. ಇದೊಂದನ್ನು ಮನಸ್ಸಲ್ಲಿಟ್ಟು ಪ್ಲಾನ್ ಮಾಡಿದರೆ ಉಳಿದದ್ದು ಸುಲಭವಾಗುತ್ತದೆ.

ಹೆಜ್ಜೆ 1: ಟಿಕೆಟ್‌ಗಿಂತ ಮೊದಲು ಮಕ್ಕಳು

ಊರು ನೀವು ಆರಿಸಿ, ದಿನಗಳನ್ನು ಮಕ್ಕಳಿಗೆ ಬಿಡಿ. ನಮ್ಮ ಮನೆಯಲ್ಲಿ ಮಾಡಿದ್ದು ಹೀಗೆ. ಮೂರು ಪೂರ್ತಿ ದಿನಗಳಲ್ಲಿ ಒಂದು ಮಗಳದ್ದು, ಒಂದು ಮಗನದ್ದು, ಒಂದು ನಮ್ಮಿಬ್ಬರದ್ದು. ಯಾರ ದಿನವೋ ಅವರೇ ಯಜಮಾನರು. ಎಲ್ಲಿಗೆ ಹೋಗುವುದು, ಅದು ಎಷ್ಟಕ್ಕೆ ತೆರೆಯುತ್ತದೆ, ಯಾವ ಟ್ರಾಮ್, ಎಷ್ಟು ಖರ್ಚು, ಎಲ್ಲ ಅವರೇ ಹುಡುಕಬೇಕು. ಉಳಿದ ಮೂವರು ಗೊಣಗದೆ ಹೋಗಬೇಕು. ಈ ಕೊನೆಯ ನಿಯಮ ಅಪ್ಪ ಅಮ್ಮನಿಗೇ ಕಷ್ಟ, ಅಲ್ವಾ? ಮಗಳ ದಿನದಲ್ಲಿ ಹಳೆ ಬಟ್ಟೆ ಮಾರುವ ನಾಲ್ಕು ಅಂಗಡಿ ಸುತ್ತಿದೆವು. ನಾನು ಬಾಯಿ ಬಿಗಿ ಹಿಡಿದು ಒಂದು ಮೂಲೆಯಲ್ಲಿ ಕೂತೆ. ಮೂರನೇ ಅಂಗಡಿಯಲ್ಲಿ ಅವಳೇ ಒಂದು ಉಣ್ಣೆ ಕೋಟು ತಂದು ನನಗೆ ತೊಡಿಸಿ ನೋಡಿದಳು.

ದಿನಕ್ಕೆ ಒಂದೇ ಒಂದು ದುಡ್ಡಿನ ಟಿಕೆಟ್ ಅನ್ನುವುದನ್ನು ಮೊದಲೇ ಹೇಳಿಬಿಡಿ. ಸ್ನಾನಗೃಹವಾದರೆ ಆ ದಿನ ಸ್ನಾನಗೃಹ ಮಾತ್ರ. ಉಳಿದದ್ದು ಪುಕ್ಕಟೆ ನೋಡುವಂಥದ್ದು. ಖರ್ಚು ಹಿಡಿತದಲ್ಲಿರಲು ನಮಗೆ ಅತಿ ಹೆಚ್ಚು ನೆರವಾದದ್ದು ಇದೇ. ಮಕ್ಕಳು ಸುಮ್ನೆ ಪಟ್ಟಿ ಬೆಳೆಸುವುದಿಲ್ಲ, ತಮಗೆ ನಿಜಕ್ಕೂ ಏನು ಬೇಕು ಅಂತ ಯೋಚಿಸುತ್ತಾರೆ.

ಬೆಳಗಿನ ನಿದ್ದೆಯನ್ನು ಬಿಟ್ಟುಕೊಡಿ. ಹತ್ತೂವರೆಗೆ ಹೊರಟರೆ ಸಾಕು. ನಾವಿಬ್ಬರೂ ಎಂಟಕ್ಕೆ ಎದ್ದು ಬೇಕರಿಗೆ ನಡೆದು, ನದಿ ನೋಡಿ, ಬಿಸಿ ಬ್ರೆಡ್ ತರುತ್ತಿದ್ದೆವು. ಮದುವೆಯಾಗಿ 18 ವರ್ಷದ ಮೇಲೆ ಹಾಗೆ ಇಬ್ಬರೇ ನಡೆಯುವುದೂ ಒಂದು ಸುಖ.

ಹೆಜ್ಜೆ 2: ವಾರ ಆರಿಸುವುದು

ಡಿಸೆಂಬರ್ 20ರಿಂದ ಜನವರಿ 2ರವರೆಗೆ ಎಲ್ಲ ಕಡೆ ಬೆಲೆ ಏರಿರುತ್ತದೆ. ಜನವರಿ ಮೊದಲ ವಾರ ಕಳೆದ ಮೇಲೆ ಇಳಿಯುತ್ತದೆ. ಫೆಬ್ರುವರಿ ಮಧ್ಯದವರೆಗೂ ಹಾಗೇ ಇರುತ್ತದೆ. ಮ್ಯೂನಿಕ್ ಇರುವ ಬವೇರಿಯಾ ರಾಜ್ಯದಲ್ಲಿ ಮಕ್ಕಳಿಗೆ ಫೆಬ್ರುವರಿ ಆಸುಪಾಸಿನಲ್ಲಿ ಒಂದು ವಾರ ರಜೆ ಬರುತ್ತದೆ, ಇಂಗ್ಲೆಂಡಿನಲ್ಲೂ ಅಷ್ಟೇ. ನಾವು ಹೋದದ್ದು ಆಗಲೇ. ಭಾನುವಾರದಿಂದ ಗುರುವಾರದವರೆಗೆ ಇದ್ದರೆ ಶುಕ್ರವಾರ, ಶನಿವಾರದ ರಾತ್ರಿಗಳ ದುಬಾರಿ ಬಾಡಿಗೆ ತಪ್ಪುತ್ತದೆ.

ಕ್ರಿಸ್‌ಮಸ್ ಮಾರುಕಟ್ಟೆ ನೋಡಲೇಬೇಕು ಅಂದರೆ ನವೆಂಬರ್ ಕೊನೆಯ ಅಥವಾ ಡಿಸೆಂಬರ್ ಮೊದಲ ವಾರ ಒಳ್ಳೆಯದು. ವೊರೊಶ್‌ಮಾರ್ಟಿ ಚೌಕದಲ್ಲೂ ಸೇಂಟ್ ಸ್ಟೀಫನ್ ಬೆಸಿಲಿಕಾ ಚರ್ಚಿನ ಮುಂದೆಯೂ ನವೆಂಬರ್ ಮಧ್ಯದಿಂದಲೇ ಮಾರುಕಟ್ಟೆ ಶುರುವಾಗುತ್ತದೆ. ಡಿಸೆಂಬರ್ 24ರ ಮಧ್ಯಾಹ್ನದ ಮೇಲೆ ಮಾತ್ರ ಊರು ಪೂರ್ತಿ ಮೌನ. ಅಂಗಡಿ ಮುಚ್ಚುತ್ತವೆ, ಸಂಜೆ ಬಸ್ಸು ಟ್ರಾಮ್ ತೀರಾ ಕಡಿಮೆಯಾಗುತ್ತವೆ. ಆ ದಿನ ಅಲ್ಲಿದ್ದರೆ ಮನೆಯಲ್ಲಿ ಅಕ್ಕಿ ಬೇಳೆ ಇರಲಿ.

ಬೆಂಗಳೂರಿನಿಂದ ಬರುವವರಿಗೆ ಒಂದು ಮಾತು. ನಾಲ್ಕು ಜನರ ವಿಮಾನದ ಖರ್ಚೇ ಇಲ್ಲಿನ ಎಲ್ಲ ಖರ್ಚಿಗಿಂತ ಜಾಸ್ತಿಯಾಗುತ್ತದೆ. ಬರೀ ನಾಲ್ಕು ರಾತ್ರಿಗೆ ಅಷ್ಟು ದೂರ ಬರಬೇಡಿ. ಜರ್ಮನಿಯಲ್ಲೋ ಆಸ್ಟ್ರಿಯಾದಲ್ಲೋ ಅಕ್ಕ, ತಮ್ಮ ಯಾರಾದರೂ ಇದ್ದರೆ ಅವರ ಮನೆಗೆ ಬಂದಾಗ ಇದನ್ನು ಸೇರಿಸಿಕೊಳ್ಳಿ. ಬೆಂಗಳೂರಿನಿಂದ ಮ್ಯೂನಿಕ್‌ಗೆ ನೇರ ವಿಮಾನ ಇದೆ, ದುಬೈ ಅಥವಾ ದೋಹಾ ಮೇಲೆ ಸೀದಾ ಬುಡಾಪೆಸ್ಟಿಗೂ ಬರಬಹುದು. ಮಗು ಹತ್ತನೇ ಕ್ಲಾಸಿನಲ್ಲಿದ್ದರೆ ಆ ವರ್ಷ ಬಿಟ್ಟುಬಿಡಿ.

ಯಾಕೆ ಬುಡಾಪೆಸ್ಟ್?

ಪ್ರಾಗ್, ಕ್ರಾಕೋವ್ ಕೂಡ ನಮ್ಮ ಪಟ್ಟಿಯಲ್ಲಿದ್ದವು. ಕ್ರಾಕೋವ್ ಹತ್ತಿರದ ವಿಯೆಲಿಚ್ಕಾ ಉಪ್ಪಿನ ಗಣಿಯೊಳಗೆ ವರ್ಷವಿಡೀ 17-18 ಡಿಗ್ರಿ ಇರುತ್ತದೆ, ಚಳಿಗಾಲಕ್ಕೆ ಒಳ್ಳೆಯ ಜಾಗ. ಆದರೆ ನಮ್ಮ ಮಕ್ಕಳನ್ನು ಗೆದ್ದದ್ದು ಬಿಸಿನೀರು. ಬುಡಾಪೆಸ್ಟಿನ ನೆಲದಡಿಯಿಂದ ಬಿಸಿನೀರಿನ ಊಟೆಗಳು ಉಕ್ಕುತ್ತವೆ. ಸೇಚೆನಿಗೆ ಬರುವ ನೀರು 70 ಡಿಗ್ರಿ ದಾಟಿರುತ್ತದೆ, ಅದನ್ನು ತಣಿಸಿ ಕೊಳಕ್ಕೆ ಬಿಡುತ್ತಾರೆ. ವಿಯೆನ್ನಾ, ಮ್ಯೂನಿಕ್‌ಗೆ ಹೋಲಿಸಿದರೆ ಊಟ, ಬಾಡಿಗೆ, ಓಡಾಟ ಎಲ್ಲ ಅಗ್ಗ. ಎರಡು ಊರು ನೋಡೋಣ ಅನ್ನುವ ಆಸೆ ಬೇಡ. ಊರು ಬದಲಿಸಿದರೆ ಅರ್ಧ ದಿನವೂ ಒಂದಷ್ಟು ದುಡ್ಡೂ ಸುಮ್ನೆ ಹೋಗುತ್ತದೆ.

ಹೆಜ್ಜೆ 3: ಕಾಗದಪತ್ರ

ಹಂಗೇರಿ 2007ರಿಂದ ಶೆಂಗೆನ್ ವಲಯದಲ್ಲಿದೆ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿನಲ್ಲಿ. ಜರ್ಮನಿಯಂಥ ಶೆಂಗೆನ್ ದೇಶದ ವಾಸದ ಪರವಾನಗಿ ಇದ್ದರೆ ಆ ಕಾರ್ಡು ಮತ್ತು ಪಾಸ್‌ಪೋರ್ಟ್ ಸಾಕು. ಇಂಗ್ಲೆಂಡಿನಲ್ಲಿದ್ದು ಭಾರತದ ಪಾಸ್‌ಪೋರ್ಟ್ ಇರುವವರಿಗೆ ವೀಸಾ ಬೇಕೇ ಬೇಕು. ಭಾರತದಿಂದ ಬರುವವರಿಗೂ ಅಷ್ಟೇ. 2024ರ ಜೂನ್‌ನಿಂದ ವೀಸಾ ಶುಲ್ಕ 90 ಯೂರೋ. 12 ತುಂಬಿದ ಮಕ್ಕಳಿಗೂ ಪೂರ್ತಿ ಶುಲ್ಕವೇ. ಪ್ರಯಾಣಕ್ಕೆ ಆರು ತಿಂಗಳು ಇರುವಾಗಿನಿಂದ ಅರ್ಜಿ ಹಾಕಬಹುದು, ಕೊನೆಯ 15 ದಿನಕ್ಕೆ ಬಿಡುವಂತಿಲ್ಲ. ಚಳಿಗಾಲದ ರಜೆಗಾದರೆ ದಸರಾ ಹೊತ್ತಿಗೇ ಶುರು ಮಾಡಿ. ಯಾವ ದೇಶದಲ್ಲಿ ಹೆಚ್ಚು ದಿನ ಇರುತ್ತೀರೋ ಆ ದೇಶಕ್ಕೆ ಅರ್ಜಿ. ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಬೇಕು. 18 ತುಂಬದ ಮಕ್ಕಳ ಅರ್ಜಿಗೆ ಅಪ್ಪ ಅಮ್ಮ ಇಬ್ಬರ ಒಪ್ಪಿಗೆಯೂ ಜನನ ಪ್ರಮಾಣಪತ್ರವೂ ಇರಲಿ.

2025ರ ಅಕ್ಟೋಬರ್ 12ರಿಂದ ಶೆಂಗೆನ್ ಗಡಿಯಲ್ಲಿ ಹೊಸ ವ್ಯವಸ್ಥೆ ಶುರುವಾಗಿದೆ. ವೀಸಾದ ಮೇಲೆ ಬರುವವರ ಫೋಟೋ ತೆಗೆದುಕೊಳ್ಳುತ್ತಾರೆ, ಬೆರಳಚ್ಚು ತಾಳೆ ನೋಡುತ್ತಾರೆ. ಮೊದಲ ಸಲ ಬರುವಾಗ ಸಾಲು ಉದ್ದ ಇರಬಹುದು, ಮುಂದಿನ ರೈಲು ಅಥವಾ ವಿಮಾನಕ್ಕೆ ಧಾರಾಳ ಸಮಯ ಬಿಡಿ.

ಹೆಜ್ಜೆ 4: ಹೋಗುವ ದಾರಿ

ಮ್ಯೂನಿಕ್‌ನಿಂದ ಬುಡಾಪೆಸ್ಟಿನ ಕೆಲೆಟಿ ನಿಲ್ದಾಣಕ್ಕೆ ನೇರ ರೈಲಿದೆ, ಸುಮಾರು ಏಳು ಗಂಟೆ. ವಿಯೆನ್ನಾದಿಂದಾದರೆ ಎರಡೂ ಮುಕ್ಕಾಲು ಗಂಟೆಯೊಳಗೆ. ಆಸ್ಟ್ರಿಯಾ ರೈಲ್ವೆಯ ಮುಂಗಡ ರಿಯಾಯಿತಿ ಟಿಕೆಟ್ ಬೇಗ ಖಾಲಿಯಾಗುತ್ತವೆ, ವಾಪಸ್ ಮಾಡಲು ಬರುವುದಿಲ್ಲ. 14 ವರ್ಷದವರೆಗಿನ ಮಕ್ಕಳಿಗೆ ಅರ್ಧ ಟಿಕೆಟ್. ನಮ್ಮ ಮಗನಿಗೆ ಅದು ಕೊನೆಯ ವರ್ಷ. ಯುರೋಪಿನ ರೈಲು ವೇಳಾಪಟ್ಟಿ ಪ್ರತಿವರ್ಷ ಡಿಸೆಂಬರ್ ಮಧ್ಯದ ಒಂದು ಭಾನುವಾರ ಬದಲಾಗುತ್ತದೆ. ಅದಕ್ಕೇ ಆಮೇಲಿನ ದಿನಗಳ ಟಿಕೆಟ್ ಕೆಲವೊಮ್ಮೆ ತಡವಾಗಿ ಮಾರಾಟಕ್ಕೆ ಬರುತ್ತವೆ. ಕಾಣದಿದ್ದರೆ ಗಾಬರಿ ಬೇಡ, ವಾರಕ್ಕೊಮ್ಮೆ ನೋಡುತ್ತಿರಿ. ವಾಪಸ್ ಬರುವಾಗ ಜರ್ಮನಿಯ ಗಡಿಯಲ್ಲಿ ಪೊಲೀಸರು ರೈಲಿಗೇ ಬಂದು ಪಾಸ್‌ಪೋರ್ಟ್ ಕೇಳುವುದುಂಟು. ಸೂಟ್‌ಕೇಸಿನ ತಳದಲ್ಲಿ ಇಡಬೇಡಿ.

ಅಗ್ಗದ ವಿಮಾನದಲ್ಲಿ ಹೋಗುವವರು ಬ್ಯಾಗಿನ ಅಳತೆ ನೋಡಿಕೊಳ್ಳಿ. ಪುಕ್ಕಟೆ ಒಯ್ಯಬಹುದಾದ ಬ್ಯಾಗು ಸಾಮಾನ್ಯವಾಗಿ 40×30×20 ಸೆಂಟಿಮೀಟರ್. ಚಳಿಗಾಲದ ಬಟ್ಟೆ ಅದರಲ್ಲಿ ಹಿಡಿಸುವುದಿಲ್ಲ. ದಪ್ಪ ಜಾಕೆಟ್, ಬೂಟು ಮೈಮೇಲೇ ಇರಲಿ. ನಾಲ್ವರಿಗೂ ಸೇರಿ ಒಂದೇ ದೊಡ್ಡ ಬ್ಯಾಗಿಗೆ ದುಡ್ಡು ಕಟ್ಟಿ.

ವಿಮಾನ ನಿಲ್ದಾಣದಿಂದ ಊರೊಳಕ್ಕೆ ಎರಡು ದಾರಿ. 100ಇ ಬಸ್ಸು ಸೀದಾ ಊರ ಮಧ್ಯಕ್ಕೆ ಹೋಗುತ್ತದೆ, ಆದರೆ ಅದಕ್ಕೆ ಬೇರೆ ಟಿಕೆಟ್, ಮಾಮೂಲಿ ದಿನದ ಪಾಸು ನಡೆಯುವುದಿಲ್ಲ. 200ಇ ಬಸ್ಸು ಹಿಡಿದು ಕೋಬಾನ್ಯಾ-ಕಿಶ್‌ಪೆಶ್ತ್‌ನಲ್ಲಿ ಇಳಿದು ಮೆಟ್ರೋ ಹತ್ತಿದರೆ ಮಾಮೂಲಿ ಪಾಸು ಸಾಕು.

ಹೆಜ್ಜೆ 5: ಉಳಿಯುವ ಮನೆ

ಹೋಟೆಲಿನಲ್ಲಿ ನಾಲ್ವರಿಗೆ ಎರಡು ರೂಮು ಬೇಕಾಗುತ್ತದೆ. ಅಡುಗೆಮನೆ ಇರುವ ಫ್ಲಾಟ್ ಹಿಡಿದರೆ ಅಗ್ಗ. ಸೋಫಾ ಹಾಸಿಗೆಯ ಒಂದೇ ಕೋಣೆ ಬೇಡ, ಚಿಕ್ಕದಾದರೂ ಎರಡು ಕೋಣೆ ಇರಲಿ. ಈ ವಯಸ್ಸಿನ ಮಕ್ಕಳಿಗೆ ಮುಚ್ಚಿಕೊಳ್ಳಲು ಒಂದು ಬಾಗಿಲು ಬೇಕು. ಬಟ್ಟೆ ಒಗೆಯುವ ಮಷಿನ್ ಇದ್ದರೆ ಅರ್ಧ ಲಗೇಜು ಕಡಿಮೆ.

ಊರಿನ ಭಾಗಗಳನ್ನು ಇಲ್ಲಿ ನಂಬರಿನ ಜಿಲ್ಲೆ ಅನ್ನುತ್ತಾರೆ. 7ನೇ ಜಿಲ್ಲೆ ರಾತ್ರಿಯೆಲ್ಲ ಬಾರುಗಳ ಗದ್ದಲದ ಜಾಗ. ನೋಡಲು ಹೋಗಿ, ಮಲಗಲು ಬೇಡ. 6ನೇ ಜಿಲ್ಲೆಯಲ್ಲಿ 2026ರ ಜನವರಿ 1ರಿಂದ ಪ್ರವಾಸಿಗರಿಗೆ ಅಲ್ಪಾವಧಿಗೆ ಫ್ಲಾಟ್ ಬಾಡಿಗೆ ಕೊಡುವುದನ್ನೇ ನಿಲ್ಲಿಸಿದ್ದಾರೆ. ಅಲ್ಲಿ ಯಾರಾದರೂ ಅಗ್ಗದ ಫ್ಲಾಟ್ ತೋರಿಸಿದರೆ ದೂರ ಇರಿ. 13ನೇ ಜಿಲ್ಲೆಯ ನದಿ ಬದಿ, 9ನೇ ಜಿಲ್ಲೆಯ ಮಾರುಕಟ್ಟೆ ಬದಿ ನಮಗೆ ಇಷ್ಟವಾದವು. 4 ಮತ್ತು 6ನೇ ನಂಬರಿನ ಟ್ರಾಮ್ ಹತ್ತಿರ ಇರುವ ಮನೆ ನೋಡಿ. 6ನೇ ನಂಬರಿನದು ರಾತ್ರಿಯಿಡೀ ಓಡುತ್ತದೆ. ಕ್ಲೀನಿಂಗ್ ಶುಲ್ಕ, ಪ್ರವಾಸಿ ತೆರಿಗೆ ಎಲ್ಲ ಸೇರಿಸಿದ ಮೇಲೆ ಹೋಲಿಸಿ. 18ರೊಳಗಿನ ಮಕ್ಕಳಿಗೆ ಆ ತೆರಿಗೆ ಇಲ್ಲ.

ಹೆಜ್ಜೆ 6: ದುಡ್ಡಿನ ಲೆಕ್ಕ

ಹಂಗೇರಿಯ ನಾಣ್ಯ ಫೋರಿಂಟ್. ತಲೆಲೆಕ್ಕಕ್ಕೆ 400 ಫೋರಿಂಟ್ ಅಂದರೆ ಒಂದು ಯೂರೋ ಅಂತ ಇಟ್ಟುಕೊಳ್ಳಿ. ಎಲ್ಲ ಕಡೆ ಕಾರ್ಡು ನಡೆಯುತ್ತದೆ. ಕಾರ್ಡು ಯಂತ್ರ "ಯೂರೋದಲ್ಲಿ ಕೊಡುತ್ತೀರಾ, ಫೋರಿಂಟ್‌ನಲ್ಲಾ" ಅಂತ ಕೇಳಿದರೆ ಯಾವಾಗಲೂ ಫೋರಿಂಟ್ ಅನ್ನಿ. ಮೊದಲ ಸಲ ಹೋದಾಗ ದಾರಿಬದಿಯ ಒಂದು ಎಟಿಎಂನಲ್ಲಿ ನಾನು ಓದದೆ ಬಟನ್ ಒತ್ತಿದೆ, ಒಂದೇ ಏಟಿಗೆ ಹತ್ತು ಯೂರೋಗಿಂತ ಜಾಸ್ತಿ ಹೋಯಿತು. ನಗದು ಬೇಕಾದರೆ ಬ್ಯಾಂಕಿನ ಗೋಡೆಯಲ್ಲಿರುವ ಎಟಿಎಂನಿಂದಲೇ ತೆಗೆಯಿರಿ.

ನಮ್ಮ ನಾಲ್ವರ ನಾಲ್ಕು ರಾತ್ರಿಯ ಖರ್ಚು ಹೀಗಿತ್ತು. ರೈಲು ಹೋಗಿ ಬರಲು 280 ಯೂರೋ. ಮನೆ 380. ಊಟ ತಿಂಡಿ 260. ಒಳಗಿನ ಓಡಾಟ 60. ಟಿಕೆಟ್‌ಗಳು 240. ಮಕ್ಕಳ ಕೈಖರ್ಚು ತಲಾ 40. ಒಟ್ಟು 1,300 ಯೂರೋ.

ಆ ಕೈಖರ್ಚಿನ ವಿಷಯ ಸ್ವಲ್ಪ ಹೇಳಬೇಕು. ಮೊದಲ ದಿನವೇ ಇಬ್ಬರಿಗೂ 16,000 ಫೋರಿಂಟ್ ನೋಟು ಎಣಿಸಿ ಕೈಗಿಟ್ಟೆವು. ಚಿಮಣಿ ಕೇಕು (ಕೊಳವೆಯಂತೆ ಸುತ್ತಿ ಸುಟ್ಟ ಸಿಹಿ ಬ್ರೆಡ್), ಬಿಸಿ ಚಾಕೊಲೇಟ್, ಗೆಳೆಯರಿಗೆ ಉಡುಗೊರೆ ಎಲ್ಲ ಅದರಲ್ಲೇ. ಖಾಲಿಯಾದರೆ ಮತ್ತೆ ಇಲ್ಲ. ಮಾರುಕಟ್ಟೆ ಚೌಕದಲ್ಲಿ ಮಗ ಚಿಮಣಿ ಕೇಕಿನ ಬೆಲೆ ನೋಡಿ, "ಅಮ್ಮಾ, ಇದು ಇಲ್ಲಿ ಬೇಡ, ಆ ಮೆಟ್ರೋ ಹತ್ತಿರ ಕಡಿಮೆ ಇತ್ತು" ಅಂದ. ನಮ್ಮ ದುಡ್ಡಾಗಿದ್ದರೆ ಎರಡು ಕೇಳುತ್ತಿದ್ದ.

ಹೆಜ್ಜೆ 7: ಊರೊಳಗೆ ಓಡಾಟ

ಇಲ್ಲಿ ಒಂದು ಒಳ್ಳೆಯ ಉಳಿತಾಯ ಇದೆ. 24 ಗಂಟೆಯ ಗುಂಪು ಪಾಸು ಅಂತ ಸಿಗುತ್ತದೆ. ಒಬ್ಬರ ಎರಡು ಪಾಸಿನ ಬೆಲೆಗೆ ಐದು ಜನರವರೆಗೆ ಓಡಾಡಬಹುದು. ನಾಲ್ವರಿರುವ ಮನೆಗೆ ಅರ್ಧಕ್ಕರ್ಧ ಉಳಿಯುತ್ತದೆ. ಎಲ್ಲರೂ ಒಟ್ಟಿಗೇ ಹೋಗಬೇಕು, ಅಷ್ಟೇ. ಪಾಸು ಗಂಟೆಯ ಲೆಕ್ಕದ್ದು. ಮಧ್ಯಾಹ್ನ ಎರಡಕ್ಕೆ ಕೊಂಡರೆ ಮರುದಿನ ಎರಡರವರೆಗೆ ನಡೆಯುತ್ತದೆ. ನಾವು ಮಧ್ಯಾಹ್ನವೇ ಕೊಳ್ಳುತ್ತಿದ್ದೆವು. ಬೆಳಗ್ಗೆ ಮನೆ ಸುತ್ತಮುತ್ತ ನಡಿಗೆ ಹೇಗೂ ಇತ್ತಲ್ಲ. ಊರಿನ ಸಾರಿಗೆಯ ಬುಡಾಪೆಸ್ಟ್‌ಗೋ ಆ್ಯಪ್‌ನಲ್ಲಿ ದಾರಿಯೂ ಟಿಕೆಟ್ಟೂ ಎರಡೂ ಸಿಗುತ್ತವೆ. 14 ತುಂಬದ ಮಕ್ಕಳಿಗೆ ಟಿಕೆಟ್ ಇಲ್ಲ, ವಯಸ್ಸು ತೋರಿಸಲು ಏನಾದರೂ ಜೊತೆಗಿರಲಿ. ಕಾಗದದ ಬಿಡಿ ಟಿಕೆಟ್ ಕೊಂಡರೆ ಪಂಚ್ ಮಾಡುವುದು ಮರೆಯಬೇಡಿ. ಮೆಟ್ರೋ ಬಾಗಿಲಲ್ಲೇ ತಪಾಸಣೆಯವರು ನಿಂತಿರುತ್ತಾರೆ.

2ನೇ ನಂಬರಿನ ಟ್ರಾಮ್ ಡ್ಯಾನ್ಯೂಬ್ ದಡದುದ್ದಕ್ಕೂ ಹೋಗುತ್ತದೆ. ಕತ್ತಲಾದ ಮೇಲೆ ನದಿ ಬದಿಯ ಕಿಟಕಿ ಹಿಡಿದು ಕೂತರೆ ಸಾಕು, ದೋಣಿ ವಿಹಾರದ ಟಿಕೆಟ್ ಬೇಕಿಲ್ಲ. ಹಳದಿ ಬಣ್ಣದ ಪುಟ್ಟ ಎಂ1 ಮೆಟ್ರೋ 1896ರದು, ಯುರೋಪ್ ಖಂಡದ ನೆಲದಲ್ಲಿ ಮೊದಲನೆಯದು. ಮೆಟ್ಟಿಲಿಳಿದ ತಕ್ಷಣವೇ ರೈಲು. ಮರದ ಚೌಕಟ್ಟಿನ ಟಿಕೆಟ್ ಕೌಂಟರು, ಹೆಂಚಿನ ಗೋಡೆ ನೋಡಿ ಮಗಳು ಅಲ್ಲೇ ಹತ್ತು ನಿಮಿಷ ಫೋಟೋ ತೆಗೆದಳು.

ಹೆಜ್ಜೆ 8: ಊಟ

ನಾವು ಸಸ್ಯಾಹಾರಿಗಳು. ಹಂಗೇರಿ ಅಂದರೆ ಮಾಂಸದ ಸಾರು ಅಂತ ಹೆದರಿದ್ದೆವು. ಅಷ್ಟೇನೂ ಕಷ್ಟವಾಗಲಿಲ್ಲ, ಕೆಲವು ಹೆಸರು ಗೊತ್ತಿರಬೇಕು ಅಷ್ಟೇ. ಫ್ಯೋಜೆಲೇಕ್ ಅಂದರೆ ತರಕಾರಿಯನ್ನೋ ಕಾಳನ್ನೋ ಬೇಯಿಸಿದ ಗಟ್ಟಿ ಗೊಜ್ಜಿನಂಥದ್ದು. ಅದರ ಮೇಲೆ ಮಾಂಸದ ತುಂಡು ಇಡುವ ರೂಢಿ, ಬೇಡ ಅಂತ ಮೊದಲೇ ಹೇಳಿ. ಹಳೆ ಕಾಲದ ಅಡುಗೆಮನೆಗಳಲ್ಲಿ ಹಂದಿ ಕೊಬ್ಬು ಬಳಸುತ್ತಾರೆ. ಅದಕ್ಕೆ ಅವರ ಮಾತಿನಲ್ಲಿ "ಜೀರ್" ಅನ್ನುತ್ತಾರೆ, ಕೇಳಿ ತಿಳಿದುಕೊಳ್ಳಿ. ರಾಂತೋಟ್ ಶಾಯ್ತ್ ಅಂದರೆ ಬ್ರೆಡ್ ಪುಡಿಯಲ್ಲಿ ಹೊರಳಿಸಿ ಕರಿದ ಚೀಸ್. ಮೊಟ್ಟೆ ಇರುತ್ತದೆ. ತುರೋಶ್ ಚುಸಾ ಅನ್ನುವ ಮೊಸರುಗಿಣ್ಣಿನ ಪಾಸ್ತಾದ ಮೇಲೆ ಹಂದಿಮಾಂಸದ ಚೂರು ಉದುರಿಸುತ್ತಾರೆ, ಅದನ್ನೂ ಬೇಡವೆನ್ನಿ.

ಲಾಂಗೋಶ್ ಮಾತ್ರ ಮಕ್ಕಳಿಗೆ ಹಬ್ಬ. ನಮ್ಮ ಭಟೂರೆಯ ದೊಡ್ಡಣ್ಣ ಅನ್ನಿ. ಅಗಲಕ್ಕೆ ಕರಿದು, ಬೆಳ್ಳುಳ್ಳಿ ನೀರು ಸವರಿ, ಹುಳಿ ಕ್ರೀಮು, ತುರಿದ ಚೀಸ್ ಹಾಕಿ ಕೊಡುತ್ತಾರೆ. ಬೇರೆ ಏನೂ ಬೇಡ, ಇಷ್ಟೇ ಹಾಕಿಸಿಕೊಂಡರೆ ರುಚಿಯೂ ಜಾಸ್ತಿ, ಬೆಲೆಯೂ ಕಡಿಮೆ. 1897ರ ದೊಡ್ಡ ಮಾರುಕಟ್ಟೆ ಕಟ್ಟಡದ ಮೇಲಂತಸ್ತಿನಲ್ಲಿ ಸಿಗುತ್ತದೆ, ಆದರೆ ಅಲ್ಲಿ ಪ್ರವಾಸಿಗರ ಬೆಲೆ. ಬಡಾವಣೆಯ ಸಣ್ಣ ಮಾರುಕಟ್ಟೆಗಳಲ್ಲಿ ತಿನ್ನಿ. ಆ ದೊಡ್ಡ ಮಾರುಕಟ್ಟೆ ಭಾನುವಾರ ರಜೆ.

ಬೇಕರಿಯ ಪೊಗಾಚಾ ಅನ್ನುವ ಉಪ್ಪು ಬನ್ನು ಜೇಬಿನಲ್ಲಿಟ್ಟುಕೊಂಡು ನಡೆಯಲು ಒಳ್ಳೆಯದು. "ಶಾಯ್ತೋಶ್" ಅಂದರೆ ಚೀಸಿನದು. "ತೆಪೆರ್ತೋಶ್" ಅಂದರೆ ಹಂದಿ ಕೊಬ್ಬಿನದು. ನೋಡಲು ಎರಡೂ ಒಂದೇ ಥರ, ಹೆಸರು ಓದಿ ಕೊಳ್ಳಿ. ಸೂಪರ್‌ಮಾರ್ಕೆಟಿನ ಫ್ರಿಜ್ಜಿನಲ್ಲಿ ತುರೋ ರೂದಿ ಅಂತ ಚುಕ್ಕೆ ಕಾಗದದ ಸಣ್ಣ ಕಡ್ಡಿ ಸಿಗುತ್ತದೆ. ಚಾಕೊಲೇಟಿನೊಳಗೆ ಸಿಹಿ ಗಿಣ್ಣು. ನಾಲ್ಕು ದಿನದಲ್ಲಿ ನಾವು ಎಷ್ಟು ತಿಂದೆವೋ ಲೆಕ್ಕವಿಲ್ಲ.

ಹೊರಗಿನ ಊಟ ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ. ವಾರದ ದಿನಗಳಲ್ಲಿ "ನಪಿ ಮೆನ್ಯು" ಅಂತ ಹಲಗೆ ಹಾಕಿರುತ್ತಾರೆ, ಸೂಪು ಮತ್ತು ಒಂದು ಊಟ ಕಡಿಮೆ ಬೆಲೆಗೆ. ಬಿಲ್ಲಿನಲ್ಲಿ ಸರ್ವಿಸ್ ಚಾರ್ಜು ಸೇರಿದೆಯಾ ನೋಡಿ, ಸೇರಿದ್ದರೆ ಟಿಪ್ಸ್ ಮತ್ತೆ ಬೇಡ. ನಲ್ಲಿ ನೀರು ಕುಡಿಯಬಹುದು.

ರಾತ್ರಿ ಮನೆಯಲ್ಲಿ ಅನ್ನ, ಸಾರು. ಒಂದು ಕಿಲೋ ಅಕ್ಕಿ, ತೊಗರಿಬೇಳೆ, ಸಾರಿನ ಪುಡಿ, ಚಟ್ನಿಪುಡಿ, ಉಪ್ಪಿನಕಾಯಿ ಒಯ್ದಿದ್ದೆ. ಮೈನಸ್ ಚಳಿಯಿಂದ ಒಳಗೆ ಬಂದು ಬಿಸಿ ಸಾರು ಕುಡಿದಾಗ ಮಾತೇ ಬರಲಿಲ್ಲ ಯಾರಿಗೂ. ಭಾರತದಿಂದ ಬರುವವರು ಗಮನಿಸಿ: ಹಾಲಿನ ಪದಾರ್ಥಗಳನ್ನು ಹೊರಗಿನಿಂದ ಯುರೋಪಿನೊಳಕ್ಕೆ ತರುವಂತಿಲ್ಲ. ಅಂದರೆ ತುಪ್ಪ, ಪೇಡ ಬೇಡ. ಹಸಿ ಕರಿಬೇವೂ ಬೇಡ. ತೆಂಗಿನಕಾಯಿಗೆ ಅಡ್ಡಿಯಿಲ್ಲ!

ಹೆಜ್ಜೆ 9: ಬಟ್ಟೆ

ಒಂದೇ ದಪ್ಪ ಜಾಕೆಟ್‌ಗಿಂತ ಮೂರು ಪದರ ಮೇಲು. ಮೈಗಂಟಿದ ಥರ್ಮಲ್, ಅದರ ಮೇಲೆ ಸ್ವೆಟರ್, ಮೇಲೆ ಗಾಳಿ ತಡೆಯುವ ಜಾಕೆಟ್. ಟ್ರಾಮಿನೊಳಗೆ, ಅಂಗಡಿಯೊಳಗೆ ಬೆಚ್ಚಗಿರುತ್ತದೆ, ಬಿಚ್ಚಲು ಬರಬೇಕು. ದುಡ್ಡು ಹಾಕುವುದಾದರೆ ಬೂಟಿಗೆ ಹಾಕಿ. ನೀರು ಒಳಹೋಗಬಾರದು, ಅಡಿ ಜಾರಬಾರದು, ಉಣ್ಣೆ ಕಾಲುಚೀಲ ಹಾಕಿದ ಮೇಲೂ ಬೆರಳು ಆಡಬೇಕು. ಕಾಲು ತಣ್ಣಗಾದ ಮಗು ಇಡೀ ದಿನ ಕಿರಿಕಿರಿ ಮಾಡುತ್ತದೆ, 16 ವರ್ಷವಾದರೂ ಅಷ್ಟೇ. ಟೋಪಿ ಬೇಡ ಅನ್ನುವುದು ಈ ವಯಸ್ಸಿನ ಹಠ. ಜಗಳ ಬೇಡ. ನಿಮ್ಮ ಬ್ಯಾಗಿನಲ್ಲಿ ಇಟ್ಟುಕೊಳ್ಳಿ, ಸೇತುವೆ ಮೇಲೆ ಗಾಳಿ ಬೀಸಿದಾಗ ತಾವೇ ಕೇಳುತ್ತಾರೆ.

ಚಳಿಗೆ ಫೋನಿನ ಬ್ಯಾಟರಿ ಬೇಗ ಇಳಿಯುತ್ತದೆ. ಒಳಜೇಬಿನಲ್ಲಿಡಲು ಹೇಳಿ. ಮನೆಯ ವಿಳಾಸ ಬರೆದ ಚೀಟಿ ಮಕ್ಕಳಿಬ್ಬರ ಹತ್ತಿರವೂ ಇರಲಿ. ತುರ್ತಿಗೆ ಕರೆ ಮಾಡುವ ನಂಬರು 112.

ಹೆಜ್ಜೆ 10: ದಿನಗಳನ್ನು ಜೋಡಿಸುವುದು

ಸೇಚೆನಿಗೆ ವಾರದ ದಿನ, ಸಂಜೆ ಐದರ ಸುಮಾರಿಗೆ ಹೋಗಿ. 1913ರ ಹಳದಿ ಕಟ್ಟಡ, ಮಧ್ಯೆ ಬಯಲು ಕೊಳಗಳು. ಬಿಸಿಯಾದದ್ದು 38 ಡಿಗ್ರಿ, ಇನ್ನೊಂದರಲ್ಲಿ ನೀರು ಸುಳಿಯಂತೆ ಸುತ್ತಿಸುತ್ತದೆ. ನಾವು ಹೋದಾಗ ಟಿಕೆಟ್ ಒಬ್ಬರಿಗೆ ಸುಮಾರು 30 ಯೂರೋ ಇತ್ತು, ಶನಿವಾರ ಭಾನುವಾರ ಇನ್ನೂ ಜಾಸ್ತಿ. ರಾತ್ರಿ ಎಂಟಕ್ಕೆ ಮುಚ್ಚುತ್ತಾರೆ. ಟವೆಲು, ಚಪ್ಪಲಿ ಮನೆಯಿಂದಲೇ ಒಯ್ಯಿರಿ. ಟವೆಲು ಕೊಳದ ಅಂಚಿನವರೆಗೂ ಬೇಕು, ಬದಲಿಸುವ ಕೋಣೆಯಲ್ಲಿ ಬಿಟ್ಟು ಬಂದರೆ ಆ ಇಪ್ಪತ್ತು ಹೆಜ್ಜೆ ಮರೆಯಲಾರಿರಿ. 14 ವರ್ಷದೊಳಗಿನವರಿಗೆ ಬಿಸಿನೀರಿನ ಸ್ನಾನಗೃಹಗಳಲ್ಲಿ ಈಗ ನಿಯಮ ಬಿಗಿಯಾಗಿದೆ, ಬುಕ್ ಮಾಡುವ ಮೊದಲೇ ನೋಡಿ. ಅಷ್ಟು ದುಡ್ಡು ಬೇಡವೆಂದರೆ ಲುಕಾಚ್ ಸ್ನಾನಗೃಹ ಇದೆ, ಬೆಲೆ ಕಡಿಮೆ, ಊರಿನವರೇ ಜಾಸ್ತಿ.

ಸೇಚೆನಿ ಇರುವ ಉದ್ಯಾನದಲ್ಲೇ ಐಸ್ ಸ್ಕೇಟಿಂಗ್ ಅಂಗಳವಿದೆ. 1870ರಿಂದಲೂ ಇದೆ, ಹಿಂದೆ ವೈದಾಹುನ್ಯಾದ್ ಕೋಟೆ ದೀಪ ಹಚ್ಚಿಕೊಂಡು ನಿಂತಿರುತ್ತದೆ. ಫೆಬ್ರುವರಿ ಕೊನೆಗೆ ಮುಚ್ಚುವ ಹೊತ್ತು, ದಿನಾಂಕ ನೋಡಿಕೊಂಡು ಹೋಗಿ. ಸ್ಕೇಟ್ ಬಾಡಿಗೆಗೆ ಸಿಗುತ್ತದೆ, ಕೈಗವಸು ಬೇಕೇ ಬೇಕು. ಸ್ನಾನಗೃಹ ಮತ್ತು ಸ್ಕೇಟಿಂಗ್ ಒಂದೇ ದಿನ ಬೇಡ, ಎರಡೂ ಸುಸ್ತು ಮಾಡುತ್ತವೆ.

ಮಗನ ದಿನ ಪಿನ್‌ಬಾಲ್ ಮ್ಯೂಸಿಯಂಗೆ ಹೋದೆವು. ನೆಲಮಾಳಿಗೆಯಲ್ಲಿ ನೂರಕ್ಕೂ ಹೆಚ್ಚು ಆಟದ ಯಂತ್ರ. ಒಮ್ಮೆ ಟಿಕೆಟ್ ಕೊಂಡರೆ ಎಷ್ಟು ಬೇಕಾದರೂ ಆಡಬಹುದು. ಮೂರು ಗಂಟೆ ಹೋದದ್ದೇ ತಿಳಿಯಲಿಲ್ಲ. ಹೊರಗೆ ಮಳೆ ಹಿಮ ಬೆರೆತು ಸುರಿಯುತ್ತಿದ್ದರೆ ಇಂಥ ಜಾಗ ದೊಡ್ಡ ಆಸರೆ. ಒಗಟು ಬಿಡಿಸಿ ಕೋಣೆಯಿಂದ ಹೊರಬರುವ ಆಟದ ಎಸ್ಕೇಪ್ ರೂಮುಗಳೂ ಈ ಊರಿನಲ್ಲಿ 2011ರಿಂದಲೇ ಹೆಸರಾಗಿವೆ. ನಾಲ್ವರಿಗೂ ಸೇರಿ ಒಂದೇ ದರ ಇರುವಂಥದ್ದು ಹುಡುಕಿ.

ಮಗಳು ಭಾನುವಾರ ಬೆಳಗ್ಗೆ ನಮ್ಮನ್ನು ಸಿಂಪ್ಲಾ ಕೆರ್ಟ್‌ಗೆ ಕರೆದೊಯ್ದಳು. ಪಾಳುಬಿದ್ದ ಮನೆಯಲ್ಲಿ ಶುರುವಾದ ಹೆಸರಾಂತ ಬಾರ್. ಭಾನುವಾರ ಬೆಳಗ್ಗೆ ಮಾತ್ರ ಅಲ್ಲಿ ರೈತರ ಸಂತೆ. ಜೇನು, ಜಾಮು, ಚೀಸು. ರಾತ್ರಿ ಮಕ್ಕಳನ್ನು ಕರೆದೊಯ್ಯಲಾಗದ ಜಾಗವನ್ನು ಹಗಲು ಆರಾಮಾಗಿ ನೋಡಬಹುದು.

ಸಂಸತ್ ಭವನದ ಒಳಗಿನ ಟಿಕೆಟ್ ಯುರೋಪಿನ ಒಕ್ಕೂಟದ ಹೊರಗಿನವರಿಗೆ ದುಬಾರಿ. ನಾವು ಬಿಟ್ಟೆವು. ಮೆಟ್ರೋದಲ್ಲಿ ಬತ್ಯಾನಿ ಚೌಕಕ್ಕೆ ಹೋಗಿ ನದಿ ಆಚೆಯಿಂದ ನೋಡಿ. ಕತ್ತಲಲ್ಲಿ ಆ ಕಟ್ಟಡ ಚಿನ್ನದ ಬಣ್ಣಕ್ಕೆ ತಿರುಗಿ ನೀರಿನಲ್ಲೂ ಕಾಣುತ್ತದೆ. ಅದರ ಎತ್ತರ 96 ಮೀಟರ್, ಬೆಸಿಲಿಕಾದ್ದೂ 96. ಹಂಗೇರಿಯನ್ನರು ಈ ನೆಲಕ್ಕೆ ಬಂದ ವರ್ಷ ಅಂತ ಅವರು ಎಣಿಸುವ 896ರ ನೆನಪು ಅದು. ಕೋಟೆ ಗುಡ್ಡಕ್ಕೆ 16ನೇ ನಂಬರಿನ ಬಸ್ಸು ಹೋಗುತ್ತದೆ, ಪಾಸಿನಲ್ಲೇ. ಅಲ್ಲಿನ ಮೀನುಗಾರರ ಕೊತ್ತಲದ ಕೆಳಗಿನ ಜಗಲಿ ಪುಕ್ಕಟೆ.

ಸಂಸತ್ತಿನಿಂದ ಸರಪಳಿ ಸೇತುವೆ ಕಡೆಗೆ ದಡದಲ್ಲಿ ನಡೆದರೆ ಕಬ್ಬಿಣದ ಬೂಟುಗಳ ಸಾಲು ಸಿಗುತ್ತದೆ. 60 ಜೊತೆ. 2005ರಲ್ಲಿ ಮಾಡಿದ ಸ್ಮಾರಕ. 1944-45ರ ಚಳಿಗಾಲದಲ್ಲಿ ಹಂಗೇರಿಯ ನಾಜಿ ಬೆಂಬಲಿಗರು ಯಹೂದಿಗಳನ್ನು ಇದೇ ದಡಕ್ಕೆ ತಂದು, ಬೂಟು ಬಿಚ್ಚಿಸಿ, ಗುಂಡಿಕ್ಕಿ ನದಿಗೆ ಕೆಡವಿದರು. ಇದು ನಮ್ಮಿಬ್ಬರ ದಿನದ ಆಯ್ಕೆ. ಮಕ್ಕಳಿಗೆ ಏನೂ ಹೇಳಿರಲಿಲ್ಲ. ಮಗ ಒಂದು ಪುಟ್ಟ ಬೂಟಿನ ಮುಂದೆ ನಿಂತ. ಅದರೊಳಗೆ ಯಾರೋ ಇಟ್ಟ ಹೂವಿತ್ತು, ಅದರ ಮೇಲೆ ಹಿಮ. "ಇದು ಮಗುವಿಂದಾ?" ಅಂದ. ಹೌದು ಅಂದೆ. ಅವನು ಫೋನು ಜೇಬಿಗಿಟ್ಟ. ಆಮೇಲೆ ಮೂರು ದಿನ ಅದರ ಬಗ್ಗೆ ಬಿಡಿಬಿಡಿಯಾಗಿ ಕೇಳುತ್ತಲೇ ಇದ್ದ. ಇಂಥ ಜಾಗಕ್ಕೆ ಆತುರದಲ್ಲಿ ಹೋಗಬೇಡಿ. ಆ ದಿನ ಬೇರೆ ಏನೂ ಇಟ್ಟುಕೊಳ್ಳಬೇಡಿ.

ಹೆಜ್ಜೆ 11: ಹೊರಡುವ ದಿನ

ಬೆಳಗ್ಗೆ ಹತ್ತಕ್ಕೆ ಮನೆ ಬಿಡಬೇಕು, ರೈಲು ಮಧ್ಯಾಹ್ನ. ಕೆಲೆಟಿ ನಿಲ್ದಾಣದಲ್ಲಿ ಲಗೇಜು ಲಾಕರ್ ಇದೆ, ಅಲ್ಲಿಟ್ಟು ಇನ್ನೆರಡು ಗಂಟೆ ಸುತ್ತಬಹುದು. ರೈಲಿನ ಊಟ ದುಬಾರಿ. ಹಿಂದಿನ ರಾತ್ರಿಯೇ ಚಿತ್ರಾನ್ನ ಕಲಸಿಟ್ಟಿದ್ದೆ, ಜೊತೆಗೆ ಒಂದು ಚೀಲ ಪೊಗಾಚಾ. ಉಳಿದ ಫೋರಿಂಟ್ ಅಲ್ಲೇ ಖರ್ಚು ಮಾಡಿ. ನಾಣ್ಯಗಳನ್ನು ಬೇರೆ ದೇಶದಲ್ಲಿ ಯಾರೂ ಬದಲಿಸಿಕೊಡುವುದಿಲ್ಲ.

ಮಗನ ಕೈಖರ್ಚಿನಲ್ಲಿ ಸಾಕಷ್ಟು ಉಳಿದಿತ್ತು. ರೂಬಿಕ್ ಕ್ಯೂಬ್ ಹುಟ್ಟಿದ್ದು ಇದೇ ಊರಿನಲ್ಲಿ, 1974ರಲ್ಲಿ, ಅಂತ ಎಲ್ಲೋ ಓದಿದ್ದನಂತೆ. ಹೋಗಿ ಒಂದು ಕೊಂಡು ತಂದ. ರೈಲು ಹೊರಟಾಗಿನಿಂದ ಅದನ್ನೇ ತಿರುಗಿಸುತ್ತಿದ್ದ. ಗ್ಯೋರ್ ದಾಟುವಾಗ ಒಂದು ಬದಿ ಸೇರಿತು. ವಿಯೆನ್ನಾದಲ್ಲಿ ಅಕ್ಕ ಕಿತ್ತುಕೊಂಡಳು. ಸಾಲ್ಜ್‌ಬರ್ಗ್ ಬರುವ ಹೊತ್ತಿಗೆ ಇಬ್ಬರೂ ಒಬ್ಬರ ಹೆಗಲ ಮೇಲೊಬ್ಬರು ನಿದ್ದೆ ಹೋಗಿದ್ದರು, ಕ್ಯೂಬು ನನ್ನ ಮಡಿಲಲ್ಲಿತ್ತು.